ಕುಳಿತುಣ್ಣುವ ವೇತನವೂ ಕೊಯ್ಲಿನ ಕಾಯಕವೂ

ಕಾಯಕವೆಂಬ ಮಾತು ಶರಣಧರ್ಮದ ಅನುಯಾಯಿಗಳಿಗೆ ಹೊಸದಲ್ಲ. ಮನೆಯಲ್ಲಿ, ಮಠದಲ್ಲಿ, ಪ್ರವಚನಮಂಟಪದಲ್ಲಿ ಅದು ನಿತ್ಯವೂ ಕಿವಿಗೆ ಬೀಳುತ್ತದೆ. ಆದರೆ ಚಿನ್ನದ ಗುಣ ತಿಳಿಯುವುದು ಪೆಟ್ಟಿಗೆಯಲ್ಲಿಟ್ಟಾಗ ಅಲ್ಲ, ಒರೆಗಲ್ಲಿಗೆ ತಿಕ್ಕಿದಾಗ. ಅಂತೆಯೇ ತತ್ತ್ವದ ಬೆಲೆ ತಿಳಿಯುವುದು ಹೌದೆನ್ನಲೂ ಅಲ್ಲವೆನ್ನಲೂ ಬಾರದ ತೊಡಕು ಎದುರಾದಾಗ.

ಅಂತಹದೊಂದು ತೊಡಕನ್ನು ಈ ಪಾಠದಲ್ಲಿ ವಿಚಾರಿಸಬಹುದು. ಒಬ್ಬನಿಗೆ ವೇತನ ಬರುತ್ತಿದೆ, ಆದರೆ ಕೆಲಸವಿಲ್ಲ. ತಾನಾಗಿ ಬಿಟ್ಟುದಲ್ಲ, ಮಾಡಬಾರದೆಂದು ಆಜ್ಞೆಯಾಗಿದೆ. ಅದೇ ಕಾಲದಲ್ಲಿ ಅವನ ನಾಡಿನ ಹೊಲತೋಟಗಳಲ್ಲಿ ಬೆಳೆ ಮಾಗಿ ನಿಂತಿದೆ; ಕೊಯ್ಯುವ ಕೈಗಳಿಲ್ಲ. ಅವನು ಹೊಲಕ್ಕಿಳಿಯಬೇಕೆ? ಇಳಿದರೆ ಎರಡು ಕೂಲಿ ಪಡೆದಂತಾಗದೆ? ಇಳಿಯದಿದ್ದರೆ ಕುಳಿತುಂಡಂತಾಗದೆ? ಹೋಗೆಂದು ಅವನನ್ನು ಬಲಾತ್ಕರಿಸುವ ಅಧಿಕಾರ ಯಾರಿಗಾದರೂ ಇದೆಯೆ? ಇದು ತರ್ಕಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. 2020ರಲ್ಲಿ ಬ್ರಿಟನ್ ದೇಶದಲ್ಲಿ ಲಕ್ಷಾಂತರ ಜನರ ಮುಂದೆ ಇದು ನಿಜವಾಗಿಯೇ ಬಂದು ನಿಂತಿತು.

ಸಂದರ್ಭದ ಸ್ವರೂಪ

ಆ ವರ್ಷದ ಆರಂಭದಲ್ಲಿ ಕೊರೋನಾ ಸಾಂಕ್ರಾಮಿಕವು ಜಗತ್ತನ್ನೆಲ್ಲ ಆವರಿಸಿತು. ರೋಗ ಹರಡದಿರಲೆಂದು ಅಂಗಡಿ, ಉಪಾಹಾರಗೃಹ, ಕಾರ್ಖಾನೆ, ನಾಟಕಶಾಲೆಗಳನ್ನು ಮುಚ್ಚಬೇಕಾಯಿತು. ಕೆಲಸಗಾರರು ಬೀದಿಪಾಲಾಗಬಾರದೆಂಬ ಉದ್ದೇಶದಿಂದ ಬ್ರಿಟಿಷ್ ಸರಕಾರದ ಅರ್ಥಸಚಿವರಾಗಿದ್ದ ರಿಷಿ ಸುನಕ್ ಅವರು 2020ರ ಮಾರ್ಚ್ 20ರಂದು ಒಂದು ಯೋಜನೆಯನ್ನು ಸಾರಿದರು. ಜನರ ಬಾಯಲ್ಲಿ ಅದಕ್ಕೆ ‘ಫರ್ಲೋ’ ಎಂಬ ಹೆಸರು ನಿಂತಿತು. ಮಾಲೀಕನು ಕೆಲಸಗಾರನನ್ನು ವಜಾ ಮಾಡದೆ ತನ್ನ ಪಟ್ಟಿಯಲ್ಲಿಯೇ ಇಟ್ಟುಕೊಳ್ಳುವುದು. ಸರಕಾರವು ಅವನ ವೇತನದಲ್ಲಿ ನೂರಕ್ಕೆ 80 ಪಾಲನ್ನು, ತಿಂಗಳಿಗೆ 2,500 ಪೌಂಡುಗಳ ಮಿತಿಯೊಳಗೆ, ಬೊಕ್ಕಸದಿಂದ ತುಂಬಿಕೊಡುವುದು. ಇದು ಅದರ ಸಾರ. 2020ರ ಮೇ ತಿಂಗಳಲ್ಲಿ ಏಕಕಾಲಕ್ಕೆ ಸುಮಾರು 89 ಲಕ್ಷ ಉದ್ಯೋಗಗಳು ಈ ಆಶ್ರಯದಲ್ಲಿದ್ದುವು. 2021ರ ಸೆಪ್ಟೆಂಬರ್ 30ರಂದು ಯೋಜನೆ ಮುಗಿಯುವ ವೇಳೆಗೆ ಒಟ್ಟು 1 ಕೋಟಿ 17 ಲಕ್ಷದಷ್ಟು ಉದ್ಯೋಗಗಳಿಗೆ ಅದರ ನೆರವು ಸಂದಿತ್ತು. ಬೊಕ್ಕಸದಿಂದ ಹೋದ ಹಣ ಸುಮಾರು 7,000 ಕೋಟಿ ಪೌಂಡು.

ಈ ಯೋಜನೆಯ ಎರಡು ನಿಬಂಧನೆಗಳನ್ನು ನೆನಪಿನಲ್ಲಿಡುವುದು ಅವಶ್ಯ. ಮೊದಲನೆಯದು, ಫರ್ಲೋ ವೇತನ ಪಡೆಯುವ ಅವಧಿಯಲ್ಲಿ ಕೆಲಸಗಾರನು ತನ್ನ ಮಾಲೀಕನಿಗೆ ಯಾವ ಕೆಲಸವನ್ನೂ ಮಾಡಿಕೊಡಕೂಡದು. (2020ರ ಜುಲೈ 1ರಿಂದ ಕೆಲವು ಗಂಟೆ ದುಡಿದು ಉಳಿದುದಕ್ಕೆ ನೆರವು ಪಡೆಯುವ ಅವಕಾಶ ಬಂದಿತು.) ಎರಡನೆಯದು, ಅವನ ಕರಾರು ಅಡ್ಡಿಬಾರದಿದ್ದರೆ ಬೇರೆಲ್ಲಿಯಾದರೂ ದುಡಿಯಬಹುದು, ಹಾಗೆ ದುಡಿದುದಕ್ಕಾಗಿ ಫರ್ಲೋ ವೇತನದಲ್ಲಿ ಕಡಿತವಿಲ್ಲ.

ಇನ್ನು ಹೊಲದ ಕಡೆ ನೋಡಿದರೆ, ಬ್ರಿಟನ್ನಿನ ಹಣ್ಣು ತರಕಾರಿಗಳ ಕೊಯ್ಲಿಗೆ ವರ್ಷಂಪ್ರತಿ 70,000ದಿಂದ 80,000 ಮಂದಿ ಋತುಮಾನದ ಕೂಲಿಗಳು ಬೇಕು. ಅವರಲ್ಲಿ ಬಹುತೇಕರು ರುಮೇನಿಯಾ, ಬಲ್ಗೇರಿಯಾ ಮುಂತಾದ ದೇಶಗಳಿಂದ ಬರುತ್ತಿದ್ದವರು. ಸಂಚಾರ ನಿಂತುದರಿಂದ ಆ ವಸಂತದಲ್ಲಿ ಬರಬೇಕಾದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಬಂದಿರುವರೆಂದು ಪರಿಸರ ಸಚಿವ ಜಾರ್ಜ್ ಯೂಸ್ಟಿಸ್ ಅವರು ಏಪ್ರಿಲ್ 19ರಂದು ತಿಳಿಸಿ, ಫರ್ಲೋದಲ್ಲಿರುವವರು ಕೊಯ್ಲಿನ ಕೆಲಸಕ್ಕೆ ಮನಸ್ಸು ಮಾಡಬಹುದೆಂಬ ಆಶಯವನ್ನು ಪ್ರಕಟಿಸಿದರು. ‘ಪಿಕ್ ಫಾರ್ ಬ್ರಿಟನ್’ ಎಂಬ ಪ್ರಚಾರವು ಹೊರಟಿತು. ಅಂದು ಯುವರಾಜರಾಗಿದ್ದ ಚಾರ್ಲ್ಸ್ ಅವರೂ ಮೇ ತಿಂಗಳಲ್ಲಿ ಜನರಿಗೆ ಕರೆಕೊಟ್ಟರು. ಫ್ರಾನ್ಸಿನ ಕೃಷಿಸಚಿವ ದಿದಿಯೆ ಗಿಯೋಮ್ ಅವರು ಮಾರ್ಚ್ 24ರಂದೇ ಕೆಲಸವಿಲ್ಲದೆ ಮನೆಯಲ್ಲಿ ಕುಳಿತವರನ್ನು ಹೊಲಕ್ಕೆ ಕರೆದಿದ್ದರು.

ಪೂರ್ವಪಕ್ಷಗಳು

ಈ ಕರೆಗೆ ಜನರಲ್ಲಿ ನಾಲ್ಕು ಬಗೆಯ ಉತ್ತರಗಳು ಹುಟ್ಟುವುದು ಸಹಜ. ಬೊಕ್ಕಸದ ಹಣವನ್ನು ಉಣ್ಣುವವನು ಬೊಕ್ಕಸಕ್ಕೆ ಹಣ ಕೊಟ್ಟ ಜನರ ಋಣದಲ್ಲಿದ್ದಾನೆ. ಆದುದರಿಂದ ಅವನನ್ನು ಹೊಲಕ್ಕೆ ಕಳುಹಿಸಲೇಬೇಕೆಂಬುದು ಒಂದು ಪಕ್ಷ. ಲೆಕ್ಕಿಗನದು ಲೆಕ್ಕದ ಕಾಯಕ, ಅಡಿಗೆಯವನದು ಅಡಿಗೆಯ ಕಾಯಕ. ಅವರನ್ನು ಮಣ್ಣಿಗಿಳಿಸುವುದು ಯುಕ್ತವಲ್ಲವೆಂಬುದು ಎರಡನೆಯ ಪಕ್ಷ. ಒಂದು ಹೊಟ್ಟೆಗೆ ಎರಡು ಕೂಲಿ ಅನ್ಯಾಯವೆಂಬುದು ಮೂರನೆಯದು. ದೂರದೇಶದ ಬಡವನು ವರ್ಷವರ್ಷವೂ ನೆಚ್ಚಿಕೊಂಡ ದುಡಿಮೆಯನ್ನು ಉಳ್ಳವನು ಕಸಿದುಕೊಂಡಂತಾಗುವುದೆಂಬುದು ನಾಲ್ಕನೆಯದು. ಇವುಗಳಲ್ಲಿ ಯಾವುದನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಶರಣರು ತೋರಿದ ಬೆಳಕಿನಲ್ಲಿ ಒಂದೊಂದನ್ನಾಗಿ ಪರಿಶೀಲಿಸುವುದು ಒಳ್ಳೆಯದು.

ಕೆಲಸವಿಲ್ಲದಿರುವುದೂ ಮೈಗಳ್ಳತನವೂ

ಶರಣರು ಖಂಡಿಸಿದುದು ಮೈಗಳ್ಳತನವನ್ನು. ದೇಹದಲ್ಲಿ ಕಸುವಿದ್ದು, ಮಾಡಲು ಕೆಲಸವಿದ್ದು, ಪರರ ದುಡಿಮೆಯ ಮೇಲೆ ಬದುಕಲು ಆಶಿಸುವವನನ್ನು ಅವರು ಭಕ್ತನೆನ್ನಲಿಲ್ಲ. ಜಂಗಮನಿಗೂ ಲಿಂಗಕ್ಕೂ ಕಾಯಕದಿಂದ ಬಿಡುಗಡೆಯಿಲ್ಲವೆಂಬ ಮಟ್ಟಕ್ಕೆ ಅವರ ವಿಚಾರ ಏರಿತು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಜಾರಿದರೂ ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಕಾಯಕವನ್ನು ನಿಲ್ಲಿಸಲಿಲ್ಲ, ಲಿಂಗವೇ ಅವನನ್ನು ಹಿಂಬಾಲಿಸಿತೆಂಬ ಕಥೆಯ ಅಭಿಪ್ರಾಯ ಇದೇ. ಆಯ್ದಕ್ಕಿ ಮಾರಯ್ಯನು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ವೇಳೆ ಮೀರುತ್ತಿದೆಯೆಂದು ಅವನನ್ನು ಎಚ್ಚರಿಸಿದವಳು ಅವನ ಸತಿ ಲಕ್ಕಮ್ಮ. ಅನುಭಾವದ ಮಾತಿಗೂ ಇಲ್ಲದ ರಿಯಾಯಿತಿ ಆಲಸ್ಯಕ್ಕೆ ಎಲ್ಲಿಂದ ಬಂದೀತು?

ಆದರೆ ಫರ್ಲೋದಲ್ಲಿದ್ದವನನ್ನು ಮೈಗಳ್ಳನೆನ್ನುವುದು ಸಲ್ಲದು. ಅವನ ಕೆಲಸವನ್ನು ನಿಲ್ಲಿಸಿದುದು ರೋಗ, ನಿಲ್ಲಿಸೆಂದುದು ನಾಡು. ಮನೆಯಲ್ಲಿ ಉಳಿದು ರೋಗವನ್ನು ಹರಡದಿರುವುದೇ ಆ ದಿನಗಳಲ್ಲಿ ಒಂದು ಲೋಕಸೇವೆಯಾಗಿತ್ತು. ಶಾಲೆಗಳು ಮುಚ್ಚಿದ್ದುದರಿಂದ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡ ತಾಯಿ, ಹಾಸಿಗೆ ಹಿಡಿದ ತಂದೆಯ ಬಳಿ ಕುಳಿತ ಮಗ, ಇವರ ಕೈ ತೆರಪಾಗಿರಲಿಲ್ಲ. ವೇತನದ ಪಟ್ಟಿ ನೋಡಿದವನಿಗೆ ಅವರು ನಿರುದ್ಯೋಗಿಗಳಾಗಿ ಕಂಡಾರು. ಶರಣರ ಕಣ್ಣಿಗೆ ದಾಸೋಹನಿರತರಾಗಿಯೇ ಕಾಣುವರು.

ಆದುದರಿಂದ ಪ್ರಶ್ನೆ ಎಲ್ಲರನ್ನೂ ಕುರಿತದ್ದಲ್ಲ. ದೇಹದಲ್ಲಿ ಶಕ್ತಿ, ದಿನದಲ್ಲಿ ತೆರಪು, ಸಮೀಪದಲ್ಲಿ ಕೊರತೆ, ಈ ಮೂರೂ ಒಬ್ಬನಲ್ಲಿ ಕೂಡಿದಾಗ ಮಾತ್ರ ಅದು ಅವನ ಪ್ರಶ್ನೆಯಾಗುತ್ತದೆ. ಮೂರೂ ಕೂಡಿದ್ದು, “ನನಗೆ ಹೇಗೂ ವೇತನ ಬರುತ್ತಿದೆ, ಹೊಲ ಏನಾದರೆ ನನಗೇನು” ಎನ್ನುವವನ ಸ್ಥಿತಿಯಲ್ಲಿ ಕೊರತೆಯಿದೆ. ಅವನು ಕಾನೂನಿನ ಮುಂದೆ ನಿರ್ದೋಷಿ. ಸದಾಚಾರದ ಮುಂದೆ ಉತ್ತರ ಕೊಡಬೇಕಾದವನು. ಏಕೆಂದರೆ ದಾಸೋಹವೆಂಬುದು ಧನದಿಂದ ಮಾತ್ರ ಸಲ್ಲುವುದಲ್ಲ. ತನು, ಮನ, ಧನಗಳಲ್ಲಿ ತನುವಿಗೇ ಮೊದಲ ಸ್ಥಾನ.

ಮೇಲು ಕೀಳೆಂಬ ಭ್ರಾಂತಿ

ಎರಡನೆಯ ಪಕ್ಷದಲ್ಲಿ ಒಂದು ಸತ್ಯವೂ ಒಂದು ಭ್ರಾಂತಿಯೂ ಬೆರೆತಿವೆ. ಅವರವರ ಕಾಯಕ ಅವರವರಿಗೆ ಶ್ರೇಷ್ಠವೆಂಬುದು ಸತ್ಯ. ಆದರೆ ಆ ಕಾಯಕಕ್ಕೆ ಎಡೆಯೇ ಇಲ್ಲದಾಗಲೂ ಬೇರೊಂದಕ್ಕೆ ಕೈಹಾಕೆನೆಂಬುದರ ಹಿಂದೆ ಅನೇಕ ವೇಳೆ ಅಡಗಿರುವುದು ನಿಷ್ಠೆಯಲ್ಲ, ಅಭಿಮಾನ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಹೊತ್ತು ಬದುಕಿದನೆಂದು ಶರಣಚರಿತೆಗಳು ಹೇಳುತ್ತವೆ. ಕಿರೀಟ ಹೊತ್ತ ತಲೆ ಕಟ್ಟಿಗೆ ಹೊರಲು ನಾಚಲಿಲ್ಲ. ಹಾಗಿರಲು ಕಾಗದ ಪತ್ರಗಳನ್ನು ಹಿಡಿದ ಕೈ ಹಣ್ಣಿನ ಬುಟ್ಟಿ ಹಿಡಿಯಲು ನಾಚಬೇಕಾದುದಿಲ್ಲ.

ಇಲ್ಲಿ ಇನ್ನೊಂದು ಭ್ರಾಂತಿಯನ್ನೂ ಕಳೆದುಕೊಳ್ಳಬೇಕು. ಕೊಯ್ಲಿನ ಕೆಲಸ ಯಾರು ಬೇಕಾದರೂ ಮಾಡಬಹುದಾದ ಸುಲಭದ ಕೆಲಸವೆಂದು ಪೇಟೆಯವರು ಬಗೆಯುವುದುಂಟು. ಆಸ್ಪರಾಗಸ್ ಎಂಬ ತರಕಾರಿಯ ಎಳೆಯ ಕಾಂಡಗಳು ವಸಂತಕಾಲದಲ್ಲಿ ನೆಲದಿಂದ ಬಹು ವೇಗವಾಗಿ ಮೇಲೇಳುತ್ತವೆ. ತಕ್ಕ ದಿನ ತಪ್ಪಿದರೆ ಬಲಿತು ಬೆಲೆಗೆಡುತ್ತವೆ. ಅದನ್ನು ಸೊಂಟ ಬಗ್ಗಿಸಿಯೇ ಕೊಯ್ಯಬೇಕು. ಸ್ಟ್ರಾಬೆರಿಯನ್ನು ಬಣ್ಣ ನೋಡಿ, ನಜ್ಜುಗುಜ್ಜಾಗದಂತೆ ಬೆರಳಿನಿಂದ ಬಿಡಿಸಬೇಕು. ವೇಗವೂ ಬೇಕು, ನಯವೂ ಬೇಕು. ಹತ್ತು ಋತು ಕೊಯ್ದ ರುಮೇನಿಯಾದ ಹೆಣ್ಣುಮಗಳ ಮುಂದೆ ಪದವೀಧರನು ಮೊದಲ ವಾರದಲ್ಲಿ ಶಿಷ್ಯನೇ ಸರಿ. ‘ನಾನು ಉಪಕಾರಕ್ಕೆ ಬಂದವನು’ ಎಂಬ ಭಾವದಿಂದ ಹೊಲಕ್ಕಿಳಿದವನು ಬೇಗನೆ ದಣಿಯುತ್ತಾನೆ. ‘ಕಲಿಯಲು ಬಂದವನು’ ಎಂಬ ಭಾವದಿಂದ ಇಳಿದವನು ನಿಲ್ಲುತ್ತಾನೆ. ಪಂಚಾಚಾರಗಳಲ್ಲಿ ಭೃತ್ಯಾಚಾರವೆನಿಸಿಕೊಳ್ಳುವ ವಿನಯವು ಇಂತಹ ಎಡೆಯಲ್ಲಿಯೇ ಪರೀಕ್ಷೆಗೆ ಬರುವುದು.

ಎರಡು ಕೂಲಿಯ ವಿಚಾರ

ನಾಲ್ಕು ಪಕ್ಷಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಮೂರನೆಯದು. ಇದಕ್ಕೆ ವಚನ ಸಾಹಿತ್ಯದಲ್ಲಿಯೇ ಬಲವಾದ ಆಧಾರವಿದೆಯೆಂದು ಆಕ್ಷೇಪಿಸುವವರು ಹೇಳಬಹುದು. ಸೂಳೆ ಸಂಕವ್ವೆಯ ವಚನವೊಂದರಲ್ಲಿ, ಒಬ್ಬರಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬರ ಒತ್ತೆಯನ್ನು ಹಿಡಿಯಲೊಲ್ಲೆನೆಂಬ ಕಟ್ಟುನಿಟ್ಟಾದ ನಿಲುವಿದೆ. ಲೋಕ ಕೀಳೆಂದು ಬಗೆದ ವೃತ್ತಿಯಲ್ಲಿದ್ದ ಆ ಶರಣೆ ಮಾತಿನ ಶುದ್ಧಿಯನ್ನು ಎಷ್ಟು ಎತ್ತರಕ್ಕೆ ಒಯ್ದಳೆಂಬುದು ನೆನೆದರೆ ತಲೆ ಬಾಗುತ್ತದೆ. ಹಾಗಿದ್ದ ಮೇಲೆ ಫರ್ಲೋ ವೇತನವೆಂಬ ಒತ್ತೆ ಹಿಡಿದವನು ಹೊಲದ ಕೂಲಿಯೆಂಬ ಒತ್ತೆಯನ್ನು ಹಿಡಿಯಬಹುದೆ?

ಸಂಕವ್ವೆಯ ನಿಷ್ಠೆಯ ತಿರುಳೇನೆಂದು ವಿವೇಚಿಸಬೇಕು. ಕೊಟ್ಟ ಮಾತಿಗೆ ಎರಡು ಬಗೆಯಬಾರದೆಂಬುದು ಅದರ ತಿರುಳು. ಒಬ್ಬನಿಗೆ ಸಲ್ಲಬೇಕಾದ ಹೊತ್ತನ್ನು ಇನ್ನೊಬ್ಬನಿಗೆ ಮಾರಿದರೆ ಮೊದಲನೆಯವನಿಗೆ ವಂಚನೆಯಾಯಿತು. ಫರ್ಲೋದ ಕೆಲಸಗಾರನು ತನ್ನ ಮಾಲೀಕನಿಗೆ ಆ ಹೊತ್ತನ್ನು ಕೊಡಬೇಕಾಗಿರಲಿಲ್ಲ, ಕೊಡುವಂತೆಯೂ ಇರಲಿಲ್ಲ. ಬೇರೆಡೆ ದುಡಿಯಬಹುದೆಂಬುದು ನಾಡು ಬಹಿರಂಗವಾಗಿ ಸಾರಿದ ನಿಬಂಧನೆ. ಮಾಲೀಕನ ಒಪ್ಪಿಗೆ ಪಡೆದು, ಮುಚ್ಚುಮರೆಯಿಲ್ಲದೆ ಹೊಲಕ್ಕೆ ಹೋದವನಲ್ಲಿ ಎರಡು ಬಗೆದುದು ಕಾಣದು. ಅದೇ, ಬೊಕ್ಕಸದಿಂದ ಫರ್ಲೋ ಹಣ ತೆಗೆದುಕೊಂಡು ಕೆಲಸಗಾರರಿಂದ ಗುಟ್ಟಾಗಿ ತನ್ನ ಕೆಲಸವನ್ನೇ ಮಾಡಿಸಿಕೊಂಡ ಮಾಲೀಕನೂ, ಅದಕ್ಕೆ ಮನಸಾರೆ ಒಪ್ಪಿದ ಕೆಲಸಗಾರನೂ ಈ ಒರೆಗಲ್ಲಿನ ಮೇಲೆ ಕಪ್ಪಾಗುವರು. ಸಂಕವ್ವೆಯ ಮಾತು ತಗಲುವುದು ಇಂತಹವರಿಗೆ.

ವಂಚನೆಯಲ್ಲವೆಂದ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲ. ವಂಚನೆಯಿಲ್ಲದೆಯೂ ಅತಿಯಾಸೆ ಇರಬಹುದು. ಇಲ್ಲಿ ಆಯ್ದಕ್ಕಿ ದಂಪತಿಗಳು ದಾರಿ ತೋರುತ್ತಾರೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ನಮ್ಮದಲ್ಲವೆಂದು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿದಳು. ಅಕ್ಕಿಯನ್ನು ಮಾರಯ್ಯ ಕದ್ದು ತಂದಿರಲಿಲ್ಲ. ಆದರೂ ಅದು ಹೆಚ್ಚಾಗಿತ್ತು, ಅಷ್ಟೇ ಸಾಕಾಯಿತು.

ಹಾಗಾದರೆ ಫರ್ಲೋದವನಲ್ಲಿ ಹೆಚ್ಚಾದುದು ಯಾವುದು? ಹೊಲದ ಕೂಲಿಯಂತೂ ಅಲ್ಲ. ಅದು ಬೆವರಿನ ಬೆಲೆ. ಅದನ್ನು ಬೇಡವೆನ್ನುವುದು ತ್ಯಾಗದಂತೆ ಕಂಡರೂ ಪರಿಣಾಮದಲ್ಲಿ ಅಪಕಾರ. ಒಬ್ಬನು ಪುಕ್ಕಟೆಯಾಗಿ ಅಥವಾ ಅರ್ಧ ಕೂಲಿಗೆ ಕೊಯ್ದುಕೊಟ್ಟರೆ, ಪಕ್ಕದ ಸಾಲಿನಲ್ಲಿ ಅದನ್ನೇ ನೆಚ್ಚಿ ಬದುಕುವ ಕೂಲಿಕಾರನ ಬೆಲೆ ಇಳಿಯುತ್ತದೆ. ಉಳ್ಳವನ ಔದಾರ್ಯ ಇಲ್ಲದವನ ಅನ್ನಕ್ಕೆ ಕುತ್ತಾಗಬಾರದು. ಆದುದರಿಂದ ಹೊಲದ ಕೂಲಿಯನ್ನು ಪೂರ್ಣವಾಗಿ ಪಡೆಯುವುದೇ ಧರ್ಮ.

ಫರ್ಲೋ ವೇತನವೂ ಎಲ್ಲರಿಗೂ ಹೆಚ್ಚಾದುದಲ್ಲ. ನೂರರಲ್ಲಿ 20 ಕಡಿಮೆಯಾದಾಗ ಮನೆಬಾಡಿಗೆ ಕಡಿಮೆಯಾಗಲಿಲ್ಲ, ಹಸಿವೂ ಕಡಿಮೆಯಾಗಲಿಲ್ಲ. ಅಲ್ಪ ವೇತನದ ಅಡಿಗೆಯವನು ಆ ಕೊರತೆಯನ್ನು ಹೊಲದ ಕೂಲಿಯಿಂದ ತುಂಬಿಕೊಂಡರೆ ಅದನ್ನು ಅತಿಯಾಸೆಯೆನ್ನುವವನಿಗೆ ಬಡತನದ ಪರಿಚಯವಿಲ್ಲ. ಕೊರತೆ ತುಂಬಿದ ಮೇಲೆ ಉಳಿದುದೆಷ್ಟೋ ಅದೇ ಲಕ್ಕಮ್ಮ ಹೇಳುವ ‘ಮಿಗಿಲು’. ಅದರ ಗತಿಯನ್ನು ಮೋಳಿಗೆಯ ಮಾರಯ್ಯನ ಕಥೆ ಸೂಚಿಸುತ್ತದೆ. ಅವನ ಬಡತನ ಕಂಡು ಬಸವಣ್ಣನವರು ಗುಟ್ಟಾಗಿ ಮನೆಯಲ್ಲಿರಿಸಿಹೋದ ಹೊನ್ನನ್ನು ಅವನು ತನಗೆಂದು ಬಳಸದೆ ಜಂಗಮರಿಗೆ ಸಲ್ಲಿಸಿ, ಮರುದಿನವೂ ಕೊಡಲಿ ಹಿಡಿದು ಕಾಡಿಗೆ ನಡೆದನು. ದುಡಿಯದೆ ಬಂದುದು ದಾಸೋಹಕ್ಕೆ, ದುಡಿದುದು ಬದುಕಿಗೆ: ಇದು ಶರಣರ ಲೆಕ್ಕ. ಯಾರ ಬದುಕಿಗೆ ಎಷ್ಟು ಸಾಕೆಂಬುದನ್ನು ಅಧಿಕಾರಿಯಾಗಲಿ ನೆರೆಯವನಾಗಲಿ ಅಳೆಯಲಾರರು. ಅದನ್ನು ಅವರವರ ಅಂತಃಸಾಕ್ಷಿಯೇ ಅಳೆಯಬೇಕು.

ಒತ್ತಾಯವೂ ಒಲವೂ

ಹೊಲಕ್ಕೆ ಹೋಗುವುದು ಒಳ್ಳೆಯದಾದರೆ ಹೋಗೆಂದು ಕಟ್ಟುಮಾಡುವುದೂ ಒಳ್ಳೆಯದೆಂದು ಮೊದಲನೆಯ ಪಕ್ಷದವರು ಹೇಳುವರು. ಇದು ಒಪ್ಪತಕ್ಕ ಮಾತಲ್ಲ. ಒಲವಿನಿಂದ ಮಾಡಿದಾಗ ದುಡಿಮೆ ಕಾಯಕವಾಗುತ್ತದೆ. ಬೆದರಿಕೆಯಿಂದ ಮಾಡಿಸಿದಾಗ ಅದೇ ದುಡಿಮೆ ಬಿಟ್ಟಿಯಾಗುತ್ತದೆ. ಊರ ಗೌಡನ ಗದ್ದೆಯಲ್ಲಿ ಬಿಟ್ಟಿ ದುಡಿದ ತಲೆಮಾರುಗಳ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಸತ್ಯಶುದ್ಧ ಕಾಯಕವೆಂಬಲ್ಲಿ ಶುದ್ಧಿಯೆಂದರೆ ಗಳಿಕೆಯ ಶುದ್ಧಿ ಮಾತ್ರವಲ್ಲ, ಮನಸ್ಸಿನ ಶುದ್ಧಿಯೂ ಹೌದು. ರೋಗದ ಕಾಲದಲ್ಲಿ ಜನರನ್ನು ಒಂದೆಡೆ ಕಲೆಹಾಕಿ ದುಡಿಸುವುದರಲ್ಲಿ ಪ್ರಾಣಭಯವೂ ಇತ್ತು; ಅದನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ.

ಬ್ರಿಟಿಷ್ ಸರಕಾರವು ಕರೆದಿತೇ ಹೊರತು ಕಟ್ಟಪ್ಪಣೆ ಮಾಡಲಿಲ್ಲವೆಂಬುದು ಸರಿಯಾದ ನಡೆ. ಆದರೆ ಕರೆಯುವವನ ಮೇಲೆಯೂ ಭಾರವಿದೆ. ತಕ್ಕ ಕೂಲಿ, ಮಲಗಲು ಯೋಗ್ಯವಾದ ಎಡೆ, ರೋಗ ತಗುಲದಂತೆ ಅಂತರ, ಇವನ್ನು ಒದಗಿಸದೆ ಕಾಯಕದ ಮಹಿಮೆಯನ್ನು ಹಾಡುವುದು ದುಡಿಯುವವನ ಭಕ್ತಿಯನ್ನು ದುಡಿಸುವವನ ಲಾಭಕ್ಕೆ ಬಳಸಿದಂತೆ. ಶರಣರು ಕಾಯಕವನ್ನು ಹೊಗಳಿದುದು ಒಡೆಯನ ಗಲ್ಲಾಪೆಟ್ಟಿಗೆ ತುಂಬಲೆಂದು ಅಲ್ಲ. ಈ ಎಚ್ಚರಿಕೆ ಬ್ರಿಟನ್ನಿಗೆ ಮಾತ್ರ ಸಂಬಂಧಿಸಿದುದಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಹಿಡಿದ ನೇಮವನ್ನು ಬಿಡದಿರುವುದು

ನಾಲ್ಕನೆಯ ಪಕ್ಷಕ್ಕೆ ನಡೆದ ಸಂಗತಿಗಳೇ ಬಹುಮಟ್ಟಿಗೆ ಉತ್ತರ ಕೊಟ್ಟುವು. ಆ ವಸಂತದಲ್ಲಿ ಕೈಗಳ ಕೊರತೆ ನಿಜವಾಗಿತ್ತು. ಯಾರ ಅನ್ನವನ್ನೂ ಯಾರೂ ಕಸಿದಂತಾಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ರುಮೇನಿಯಾದಿಂದ ವಿಶೇಷ ವಿಮಾನಗಳಲ್ಲಿಯೇ ಕೂಲಿಗಳನ್ನು ಕರೆತರಬೇಕಾಯಿತು. ಜರ್ಮನಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ತಲಾ 40,000 ಮಂದಿ ವಿದೇಶೀ ಕೂಲಿಗಳು ವಿಮಾನದಲ್ಲಿ ಬರಲು ಅನುಮತಿ ಕೊಟ್ಟಿತು.

ಸ್ವದೇಶದವರಲ್ಲಿ ಆಸಕ್ತಿ ತೋರಿದವರು ಬಹಳ. ಹೊಲದಲ್ಲಿ ಕಡೆಯವರೆಗೆ ನಿಂತವರು ಕೆಲವರು. ಇದಕ್ಕೆ ಆಲಸ್ಯವೊಂದೇ ಕಾರಣವೆನ್ನುವುದು ಅವಿಚಾರ. ತೋಟಗಳು ನಗರಗಳಿಂದ ದೂರ. ಹೊಲದ ಬಳಿಯ ವಾಹನಗೃಹಗಳಲ್ಲಿ ತಂಗಬೇಕು. ಊರಿನ ಮನೆಯ ಬಾಡಿಗೆಯೂ ತಪ್ಪದು. ಬೆಳಗಿನ ಜಾವಕ್ಕೇ ಕೆಲಸ ಆರಂಭ. ಮೇಲಾಗಿ, ಹಳೆಯ ಮಾಲೀಕನು ಮರಳಿ ಬಾರೆಂದ ದಿನ ಹೋಗಲೇಬೇಕು. ಹಣ್ಣು ಮಾಗುವ ನಡುವೆ ಕೈ ಬಿಟ್ಟುಹೋದರೆ ರೈತನಿಗೆ ಮೊದಲಿಗಿಂತ ಹೆಚ್ಚಿನ ಸಂಕಷ್ಟ. 2021ರ ವಸಂತದಲ್ಲಿ ಆ ಪ್ರಚಾರವನ್ನು ಮುಕ್ತಾಯಗೊಳಿಸಲಾಯಿತು. ವಿದೇಶೀ ಋತುಕೂಲಿಗಳಿಗೆ ಮೀಸಲಾದ ಪರವಾನಗಿಗಳ ಸಂಖ್ಯೆ 2020ರಲ್ಲಿ 10,000 ಇದ್ದುದು 2021ರಲ್ಲಿ 30,000ಕ್ಕೆ ಏರಿತು.

ಇದರಿಂದ ಸಾಧಕನು ಕಲಿಯುವ ಪಾಠ ಎರಡು. ಉತ್ಸಾಹದಿಂದ ಹಿಡಿಯುವುದು ಸುಲಭ, ನೇಮವಾಗಿ ನಡೆಸುವುದು ಕಠಿಣ. ಆದುದರಿಂದ ಎಷ್ಟು ದಿನ ನಿಲ್ಲಬಲ್ಲೆನೆಂದು ಮೊದಲೇ ಅಳೆದು, ಅಷ್ಟನ್ನೇ ನುಡಿದು, ನುಡಿದುದನ್ನು ನಡೆಸಬೇಕು. ಇನ್ನೊಂದು, ತಟ್ಟೆಯಲ್ಲಿಯ ಹಣ್ಣಿನ ಹಿಂದೆ ಹೆಸರು ತಿಳಿಯದ ಯಾರದೋ ಬಗ್ಗಿದ ಬೆನ್ನಿದೆ. ನಾಡು ಸುಖವಾಗಿದ್ದಾಗ ಕಣ್ಣಿಗೆ ಬೀಳದ ಆ ದುಡಿಮೆಗಾರನ ಬೆಲೆ, ಅವನು ಬಾರದಿದ್ದಾಗ ತಿಳಿಯಿತು.

ಕನ್ನಡ ನಾಡಿನ ಕಡೆಗೆ ಒಂದು ನೋಟ

ಅದೇ ವರ್ಷ ಭಾರತದಲ್ಲಿ ನಡೆದುದು ಇದಕ್ಕೆ ತಿರುಗುಮುರುಗು. ಮಾರ್ಚ್ 25ರಿಂದ ದೇಶವೆಲ್ಲ ಮುಚ್ಚಿತು. ಮುಚ್ಚಿದ ದಿನಗಳಿಗೂ ಪೂರ್ಣ ವೇತನ ಕೊಡಬೇಕೆಂದು ಕೇಂದ್ರ ಗೃಹ ಮಂತ್ರಾಲಯವು ಮಾರ್ಚ್ 29ರಂದು ಆಜ್ಞೆ ಮಾಡಿತಾದರೂ ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಮಾಲೀಕರೂ ಕೆಲಸಗಾರರೂ ಮಾತುಕತೆಯಿಂದ ಬಗೆಹರಿಸಿಕೊಳ್ಳಲು ಯತ್ನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಜೂನ್ 12ರಂದು ಸೂಚಿಸಿತು. ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿದ್ದ ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ಕೂಲಿಕಾರರು ಗಂಟುಮೂಟೆ ಹೊತ್ತು ಊರಿಗೆ ಮರಳಿದರು. ಅವರನ್ನು ಹೊಲಕ್ಕೆ ಕರೆಯಲು ಯಾವ ಪ್ರಚಾರವೂ ಬೇಕಾಗಲಿಲ್ಲ, ಹಸಿವೇ ಕರೆಯಿತು. ಆಯ್ದಕ್ಕಿ ದಂಪತಿಗಳ ಊರೆನ್ನಲಾಗುವ ಅಮರೇಶ್ವರವೂ ರಾಯಚೂರು ಸೀಮೆಯಲ್ಲಿಯೇ ಇದೆ. ಕುಳಿತಾಗಲೂ ಉಣ್ಣುವ ಭಾಗ್ಯ ಎಷ್ಟು ವಿರಳವಾದುದೆಂಬುದನ್ನು ಈ ಹೋಲಿಕೆ ಮನಗಾಣಿಸುತ್ತದೆ. ಆ ಭಾಗ್ಯವುಳ್ಳವನ ಹೊಣೆಯೂ ಅಷ್ಟೇ ದೊಡ್ಡದು.

ನಿರ್ಣಯ

ಈವರೆಗಿನ ವಿವೇಚನೆಯಿಂದ ನಿಷ್ಪನ್ನವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

1. ಆಜ್ಞೆಯಿಂದ ಕೆಲಸ ನಿಂತವನು ವೇತನ ಪಡೆಯುವುದು ದೋಷವಲ್ಲ. ಅವನನ್ನು ಮೈಗಳ್ಳನೆಂದು ಹಳಿಯುವುದು ದೋಷ.

2. ಶಕ್ತಿ, ತೆರಪು, ಸಮೀಪದ ಕೊರತೆ ಮೂರೂ ಕೂಡಿದವನು ಹೊಲಕ್ಕಿಳಿಯುವುದು ಸದಾಚಾರ. ಕೀಳುಕೆಲಸವೆಂಬ ಕಾರಣದಿಂದ ಹಿಂಜರಿಯುವುದು ಶರಣಧರ್ಮಕ್ಕೆ ವಿರುದ್ಧ.

3. ಮೊದಲಿನ ಒಡೆಯನಿಗೆ ಮರೆಮಾಚದೆ ದುಡಿದು ಪಡೆದ ಕೂಲಿ ಶುದ್ಧ. ಅದನ್ನು ಕಡಿಮೆ ಮಾಡಿಕೊಂಡು ಜೊತೆಯ ಕೂಲಿಗಾರನ ಬೆಲೆ ಇಳಿಸಬಾರದು. ತನ್ನ ಅವಶ್ಯಕತೆಗೆ ಮಿಗಿಲಾದುದು ದಾಸೋಹಕ್ಕೆ ಸಲ್ಲಬೇಕು.

4. ಕರೆಯಬಹುದು, ಕಟ್ಟಬಾರದು. ಕರೆಯುವವನು ತಕ್ಕ ಕೂಲಿ, ವಸತಿ, ರಕ್ಷಣೆಗಳ ಹೊಣೆ ಹೊರಬೇಕು.

5. ಹಿಡಿದ ಕೆಲಸವನ್ನು ನುಡಿದ ದಿನದವರೆಗೆ ನಡೆಸಬೇಕು. ನಡೆಸಲಾಗದಿದ್ದರೆ ಹಿಡಿಯದಿರುವುದೇ ಲೇಸು.

ರೋಗದ ವರ್ಷ ಕಳೆದುಹೋಯಿತು, ಆ ಯೋಜನೆಯೂ ಮುಗಿಯಿತು. ಪ್ರಶ್ನೆ ಮಾತ್ರ ಮುಗಿದಿಲ್ಲ. ಕಾರ್ಖಾನೆ ಕೆಲಕಾಲ ನಿಂತಾಗ, ರಜೆಯ ವೇತನ ಬರುವಾಗ, ನಿವೃತ್ತಿವೇತನ ಕೈಸೇರುವಾಗ ಪ್ರತಿಯೊಬ್ಬನ ಮುಂದೆಯೂ ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಬೊಗಸೆಯಲ್ಲಿ ಅನ್ನವಿದ್ದು ಕೈಗೆ ಕೆಲಸವಿಲ್ಲದ ಹೊತ್ತನ್ನು ಭಕ್ತನು ತನ್ನದೆಂದು ಎಣಿಸದೆ, ಎಲ್ಲಿ ಕೊರತೆಯಿದೆಯೆಂದು ಸುತ್ತ ನೋಡುವನು. ಕಂಡ ಎಡೆಗೆ ಯಾರೂ ಹೇಳದೆಯೇ ನಡೆಯುವನು.